ಅರ್ಧಕ್ಕೆ ನಿಂತ ಸಾಲು

ನಮ್ಮ ಮಾವ ಓಬೆಡ್ ಬೀನ್ಸ್ ಬಿತ್ತುವುದಕ್ಕೆ ಎಂದೂ ಆಕಾಶ ನೋಡಿದವರಲ್ಲ. ಫೆಬ್ರವರಿ ಹದಿನಾಲ್ಕು, ಸಂತ ವ್ಯಾಲೆಂಟೈನನ ದಿನ ಬಂತೆಂದರೆ ಮಳೆಯಿರಲಿ, ಹಿಮವಿರಲಿ, ಬೆಳಗಿನ ಗಂಜಿ ಕುಡಿದು ಎರಡು ಕುಳಿಗೋಲುಗಳನ್ನು ಹೆಗಲಿಗೇರಿಸಿ ಹೊಲಕ್ಕೆ ಇಳಿದುಬಿಡುತ್ತಿದ್ದರು. ನನ್ನ ಗಂಡ ಕ್ಲೆಮ್‌ಗೆ ತಾರೀಖಿಗಿಂತ ಮಣ್ಣು ಮುಖ್ಯ. ಒಂದು ಹಿಡಿ ಎತ್ತಿ ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿ ಸವರುತ್ತಿದ್ದ. ಸವರಿದ ಜಾಗ ಹಸಿ ಮಡಕೆಯ ಹಾಗೆ ಹೊಳೆದರೆ ಇನ್ನೂ ಕಾಯಬೇಕು, ಪುಡಿಯಾಗಿ ಉದುರಿದರೆ ಬಿತ್ತಬಹುದು. ಸಫಕ್ ಸೀಮೆಯ ನಮ್ಮ ಮೂಲೆಯಲ್ಲಿ ಎಲ್ಲ ಜೇಡಿಮಣ್ಣು. ಅದು ತಣ್ಣಗೆ ನೀರು ಕುಡಿದು ಕೂತಿರುವಾಗ ಕಾಳು ಹಾಕಿದರೆ ಕೊಳೆಯುತ್ತದೆ. ಹದವಿಲ್ಲದಾಗ ತುಳಿದರೆ ವರ್ಷವಿಡೀ ಕಲ್ಲಾಗಿ ಕೂರುತ್ತದೆ. ಹಾಗೆಂದು ತೀರಾ ತಡ ಮಾಡಿದರೆ ಹೂವಿನ ಹೊತ್ತಿಗೆ ಬಿಸಿಲು ಬಡಿದು ಕಾಯಿ ಕಚ್ಚುವುದಿಲ್ಲ. ಇದರ ಮೇಲೆ ಅಪ್ಪನಿಗೂ ಮಗನಿಗೂ ಪ್ರತಿವರ್ಷ ಜಗಳ. ಚಳಿಗಾಲಕ್ಕೆ ನಮ್ಮ ಎರಡು ಕುದುರೆಗಳ ಹೊಟ್ಟೆ ತುಂಬುವುದು ಆ ಕಾಳಿನಿಂದಲೇ ಆದ್ದರಿಂದ ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ.

ಯುದ್ಧ ಮುಗಿದು ಐದು ವರ್ಷವಾಗಿತ್ತು. ಸುತ್ತಮುತ್ತಲಿನವರೆಲ್ಲ ಕುದುರೆ ಎಳೆಯುವ ಕೂರಿಗೆಗೆ ಹೋಗಿದ್ದರು. ಮಾವ ಮಾತ್ರ ಮೊದಲ ಸಾಲನ್ನಾದರೂ ಕೈಯಲ್ಲೇ ಹಾಕಬೇಕು ಎನ್ನುತ್ತಿದ್ದರು. ಕುಳಿ ಹಾಕುವವರು ಹಿಂದಕ್ಕೆ ನಡೆಯಬೇಕು. ಕೈಗೊಂದು ಕಬ್ಬಿಣದ ಕೋಲು. ಒತ್ತಿ, ಸ್ವಲ್ಪ ತಿರುಗಿಸಿ, ಎತ್ತಿ, ಒಂದು ಹೆಜ್ಜೆ ಹಿಂದೆ. ಕಾಳು ಹಾಕುವವರು ಅವರಿಗೆ ಮುಖಕೊಟ್ಟು ಮುಂದಕ್ಕೆ ನಡೆಯುತ್ತಾ ಕುಳಿಗೆ ಎರಡೆರಡರಂತೆ ಬಿಡುತ್ತಾ ಹೋಗಬೇಕು. ಅದು ಹೆಂಗಸರ, ಮಕ್ಕಳ ಕೆಲಸ. ಕುಳಿ ಹಾಕುವವರು ಸಾಲು ಮುಗಿಯುವ ತನಕ ತಿರುಗಿ ನೋಡುವಂತಿಲ್ಲ. ಶುರು ಮಾಡಿದ ಸಾಲನ್ನು ಅರ್ಧಕ್ಕೆ ಬಿಡುವಂತಿಲ್ಲ. ನಾನು ಆರು ವರ್ಷದವಳಾಗಿದ್ದಾಗ ನನ್ನ ಅಮ್ಮ ಇದನ್ನೆಲ್ಲ ಹೇಳಿಕೊಟ್ಟಿದ್ದಳು. ನನ್ನ ಮಗಳು ಲೆಟ್ಟಿಗೂ ಆ ವರ್ಷ ಆರು ತುಂಬಿತ್ತು. ತಾತನ ಎದುರು ನಿಲ್ಲುವ ಕೆಲಸ ಅವಳದಾಯಿತು.

ಆ ದಿನ ಮಳೆಯ ಜೊತೆ ಹಿಮದ ಚೂರೂ ಬೀಳುತ್ತಿತ್ತು. ಕ್ಲೆಮ್ ಬೇಡವೆಂದ. ಮಗು ನೆನೆಯುತ್ತಾಳೆ ಎಂದು ನಾನೂ ಹೇಳಿದೆ. ಮಾವ ನಕ್ಕು, ಕಾಳಿಗೆ ಬೇಕಾಗಿರುವುದು ಹಾಸಿಗೆಯೇ ಹೊರತು ಬಿಸಿನೀರಿನ ಬಾಟಲಿ ಅಲ್ಲ ಎಂದರು. ಹಿತ್ತಲ ಗೇಟಿನಿಂದ ಹೊಲದ ಆ ತುದಿಯ ಬಸಿಗಾಲುವೆಯ ತನಕ ನೂರಿಪ್ಪತ್ತು ಹೆಜ್ಜೆ. ನಾನು ರೊಟ್ಟಿಗೆ ಹಿಟ್ಟು ನಾದುತ್ತಾ ಆಗಾಗ ಕಿಟಕಿಯಿಂದ ನೋಡುತ್ತಿದ್ದೆ. ನಲವತ್ತು ಹೆಜ್ಜೆಯ ಹತ್ತಿರ ಇಬ್ಬರೂ ನಿಂತಿದ್ದರು. ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಹಿಟ್ಟನ್ನು ಬಟ್ಟೆ ಮುಚ್ಚಿಟ್ಟು, ಪಾತ್ರೆ ತೊಳೆದು, ಮತ್ತೆ ನೋಡಿದಾಗಲೂ ಹಾಗೇ ನಿಂತಿದ್ದರು. ಓಡಿಹೋದೆ. ಮಾವ ಎರಡು ಕೋಲುಗಳನ್ನೂ ಕೆಸರಿಗೆ ಊರಿ, ಹಿಡಿಯ ಮೇಲೆ ಗಲ್ಲ ಇಟ್ಟು, ಕಣ್ಣು ತೆರೆದುಕೊಂಡೇ ಇದ್ದರು. ಜೀವ ಇರಲಿಲ್ಲ. ಲೆಟ್ಟಿ ಕೈಯಲ್ಲಿ ಎರಡು ಕಾಳು ಹಿಡಿದು ಮುಂದಿನ ಕುಳಿಗಾಗಿ ಕಾಯುತ್ತಿದ್ದಳು. ಎಷ್ಟು ಹೊತ್ತು ಅವರ ಮುಖ ನೋಡುತ್ತಾ ನಿಂತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಊರಲ್ಲಿ ಸತ್ತವರನ್ನು ತೊಳೆದು ಅಣಿಮಾಡುವವಳು ಹೆಪ್ಸಿ, ಚರ್ಚಿನ ಹಿಂದಿನ ಮನೆಯ ಮುದುಕಿ. ಮಾವನ ಕಾಲಿನ ಕೆಸರು ಒರೆಸುತ್ತಾ ಅವಳು ಸಾಲು ಎಷ್ಟು ದೂರ ಹೋಗಿತ್ತೆಂದು ಕೇಳಿದಳು. ನಲವತ್ತು ಹೆಜ್ಜೆ ಎಂದೆ.

"ಇವತ್ತೇ ಮುಗಿಸಿಬಿಡಿ ಮಗಳೇ," ಎಂದಳು. "ಅರ್ಧ ಸಾಲು ಅಂದ್ರೆ ತೆರೆದಿಟ್ಟ ಬಾಗಿಲು. ಕೊಯ್ಲಿನ ಒಳಗೆ ಮನೆಯಿಂದ ಇನ್ನೊಬ್ಬರನ್ನ ಕರ್ಕೊಳ್ಳುತ್ತೆ. ಶುರು ಮಾಡಿದ ಕೈಗಳೇ ಮುಗಿಸಬೇಕು. ಒಂದು ಜೊತೆ ಹೋಯ್ತು, ಇನ್ನೊಂದು ಜೊತೆ ಇದೆಯಲ್ಲ."

ಅವಳು ಲೆಟ್ಟಿಯ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಮಗುವನ್ನು ಒಳಗೆ ಕಳಿಸಿದೆ. ಬಾಗಿಲಲ್ಲಿ ನಿಂತಿದ್ದ ಕ್ಲೆಮ್ ಸಿಟ್ಟಾಗಿ, ಹೊಲ ಒಣಗಿದ ದಿನ ಪಕ್ಕದವರ ಕೂರಿಗೆ ತಂದು ಎಲ್ಲವನ್ನೂ ಒಂದೇ ಸಲ ಬಿತ್ತುತ್ತೇನೆ, ಅಲ್ಲಿಯ ತನಕ ಆ ಹೊಲಕ್ಕೆ ಯಾರೂ ಕಾಲಿಡಬಾರದು ಎಂದ. ಕುಳಿಗೋಲುಗಳನ್ನು ತೊಳೆದು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ.

ಆಮೇಲೆ ಮಳೆ ನಿಲ್ಲಲೇ ಇಲ್ಲ. ಮಾರ್ಚ್ ಬಂತು. ಒಗೆದ ಬಟ್ಟೆ ಅಡುಗೆಮನೆಯ ತುಂಬ ನೇತಾಡುತ್ತಿತ್ತು, ಒಣಗುತ್ತಿರಲಿಲ್ಲ. ಕ್ಲೆಮ್ ದಿನಾ ಗೇಟಿನ ಹತ್ತಿರ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಸವರಿ ನೋಡಿ, ಎಸೆದು ಬರುತ್ತಿದ್ದ. ಹೊಳೆಯುತ್ತಲೇ ಇತ್ತು.

ಒಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹಾಸಿಗೆ ಬಟ್ಟೆ ಹರವಲು ಹಿತ್ತಲಿಗೆ ಹೋದೆ. ಅಲ್ಲಿಂದ ಸಾಲು ಕಾಣುತ್ತದೆ. ಮಾವ ನಿಂತಿದ್ದ ಜಾಗದಲ್ಲಿ ನಮ್ಮೆಲ್ಲರ ಕಾಲು ತುಳಿದು ಒಂದು ದೊಡ್ಡ ಗುಂಡಿಯಾಗಿತ್ತು, ನೀರು ನಿಂತಿತ್ತು. ಕುಳಿಗಳು ಆ ನೀರಿನ ಆಚೆಗೂ ಇದ್ದವು. ಜೋಡಿ ಜೋಡಿಯಾಗಿ, ನೇರವಾಗಿ, ಇನ್ನೂ ಹದಿನೈದು ಹೆಜ್ಜೆ. ಕೊಟ್ಟಿಗೆಗೆ ಹೋಗಿ ನೋಡಿದೆ. ಕೋಲುಗಳು ಮೊಳೆಯಲ್ಲೇ ಇದ್ದವು, ಆದರೆ ತುದಿಗೆ ಹಸಿ ಜೇಡಿ ಅಂಟಿತ್ತು.

ಕ್ಲೆಮ್ ಗುಟ್ಟಾಗಿ ಸಾಲು ಮುಗಿಸುತ್ತಿದ್ದಾನೆ ಎಂದೇ ನಂಬಿದೆ. ಗಂಡಸರು ತಮಗೆ ನಂಬಿಕೆ ಇಲ್ಲವೆಂದು ಹೇಳಿದ ಮೇಲೆ ಮಾಡುವುದೇ ಹಾಗೆ. ಅವನ ಮಾನ ಕಾಯೋಣವೆಂದು ಸುಮ್ಮನಿದ್ದೆ. ಎರಡು ದಿನ ಬಿಟ್ಟು ಲೆಟ್ಟಿಗೆ ಕಾಲುಚೀಲ ಹಾಕುವಾಗ ಅವಳ ಪಾದ ಮುಟ್ಟಿದೆ. ಆಗಷ್ಟೇ ಹಾಸಿಗೆಯಿಂದ ಎದ್ದ ಮಗುವಿನ ಪಾದ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಬೆರಳುಗಳ ಸಂದಿಯಲ್ಲಿ ಕೆಸರು. ಅವಳ ಅಂಗಿಯ ಜೇಬಿನಲ್ಲಿ ಏಳೆಂಟು ಬೀನ್ಸ್ ಕಾಳು.

ಎಲ್ಲಿಗೆ ಹೋಗಿದ್ದೆ ಎಂದು ಮೆತ್ತಗೆ ಕೇಳಿದೆ.

"ಕಾಳು ಹಾಕೋಕೆ," ಎಂದಳು. "ನೀನು ಹಾಲು ಕರೆಯೋಕೆ ಹೋಗ್ತೀಯಲ್ಲ, ಆಗ ತಾತ ಗೇಟಿನ ಹತ್ರ ಬರ್ತಾರೆ."

"ತಾತ ಏನಂತಾರೆ ಪುಟ್ಟಿ?"

"ಏನೂ ಅನ್ನಲ್ಲ. ನನ್ನ ನೋಡ್ತಾರೆ ಅಷ್ಟೇ. ಆವತ್ತಿನ ಹಂಗೇ."

ಕಾಲುಚೀಲ ಹಾಕಿ ಮುಗಿಸಿದೆ. ಕೆಸರು ಒರೆಸಿಲ್ಲವೆಂದು ನೆನಪಾಗಿ ಬಿಚ್ಚಿ, ಒರೆಸಿ, ಮತ್ತೆ ಹಾಕಿದೆ.

ಮರುದಿನ ಹಸುವಿನ ಹತ್ತಿರ ಹೋದಂತೆ ಮಾಡಿ, ಬಕೆಟ್ ಅಲ್ಲಿಟ್ಟು ತಕ್ಷಣ ವಾಪಸು ಬಂದೆ. ಆಗಲೇ ಹಿತ್ತಲ ಬಾಗಿಲು ತೆರೆದಿತ್ತು. ಬೆಳಕು ಹರಿದಿತ್ತಾದರೂ ಹೊಲದ ಮೇಲೆ ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಲೆಟ್ಟಿ ದೂರದಲ್ಲಿ ಅಂಗಿಯಲ್ಲೇ, ಬರಿಗಾಲಲ್ಲಿ, ಬಗ್ಗುತ್ತಾ ಏಳುತ್ತಾ ಮುಂದೆ ಮುಂದೆ ಹೋಗುತ್ತಿದ್ದಳು. ಅವಳ ಎದುರಿಗೆ ಯಾರೂ ಇರಲಿಲ್ಲ. ಆದರೆ ಜೇಡಿಯಿಂದ ಕಬ್ಬಿಣ ಕಿತ್ತು ಬರುವ ಸದ್ದು ಬರುತ್ತಿತ್ತು. ಆ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು, ಕರು ಮೊಲೆಯಿಂದ ಬಾಯಿ ಬಿಡಿಸಿಕೊಂಡಾಗ ಆಗುವಂಥ ಸದ್ದು. ಎರಡು ಸಲ, ಒಂದು ಹೆಜ್ಜೆ, ಮತ್ತೆ ಎರಡು ಸಲ.

ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಸದ್ದು ನಿಂತಿತು. ಕೆಸರಿನಲ್ಲಿ ಅವಳ ಪುಟ್ಟ ಹೆಜ್ಜೆಗಳು ಬಸಿಗಾಲುವೆಯ ಕಡೆ ಮುಖ ಮಾಡಿದ್ದವು. ಅವುಗಳ ಮುಂದೆ ದೊಡ್ಡ ಬೂಟಿನ ಹೆಜ್ಜೆಗಳು ಅವಳ ಕಡೆಗೆ ಮುಖ ಮಾಡಿದ್ದವು. ಅವು ಹಿಂದಕ್ಕೆ ನಡೆದ ಹೆಜ್ಜೆಗಳು, ಹಿಮ್ಮಡಿ ಆಳ, ತುದಿ ಹಗುರ. ಹಿಂದಕ್ಕೆ ನಡೆಯುವವರಿಗೆ ತಮ್ಮ ಬೆನ್ನ ಹಿಂದೆ ಏನಿದೆಯೆಂದು ಕಾಣುವುದಿಲ್ಲ. ಕಾಳು ಹಾಕುವ ಮಗು ಕುಳಿಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಬಸಿಗಾಲುವೆ ದಡದ ತನಕ ತುಂಬಿ ಹರಿಯುತ್ತಿತ್ತು. ಇನ್ನು ಉಳಿದಿದ್ದದ್ದು ಐವತ್ತು ಹೆಜ್ಜೆ.

ಕ್ಲೆಮ್‌ಗೆ ಎಲ್ಲವನ್ನೂ ಹೇಳಿದೆ. ಅವನು ಹೋಗಿ ನೋಡಿಬಂದ. ಬಂದವನ ಮುಖದಲ್ಲಿ ರಕ್ತವಿರಲಿಲ್ಲ, ಆದರೂ ಮಗುವಿಗೆ ಮನಸ್ಸಿಗೆ ಪೆಟ್ಟುಬಿದ್ದಿದೆ, ನಿದ್ದೆಯಲ್ಲಿ ನಡೆಯುತ್ತಾಳೆ, ಬಾಗಿಲಿಗೆ ಮೇಲೊಂದು ಅಗುಳಿ ಹಾಕೋಣ ಎಂದ. ಸಾಲನ್ನು ಈಗಲೇ ಮುಗಿಸೋಣ ಎಂದು ಬೇಡಿಕೊಂಡೆ.

"ಕೇಳು ರೋಡಾ, ಈಗ ಇಳಿದ್ರೆ ಆ ಹೊಲದಲ್ಲಿ ಇಟ್ಟಿಗೆ ಬೆಳೀಬೇಕಷ್ಟೇ," ಎಂದ. "ಮಣ್ಣು ಮುಟ್ಟಿ ನೋಡು. ಹೆಣದ ಥರ ಇದೆ. ಹಾಕಿದ ಕಾಳೆಲ್ಲ ಕೊಳೆಯುತ್ತೆ. ಬರೋ ಚಳಿಗಾಲಕ್ಕೆ ಕುದುರೆಗಳಿಗೆ ಏನು ಹಾಕ್ಲಿ, ಅಪ್ಪನ ಕ್ಯಾಲೆಂಡರಾ? ಇನ್ನು ಹತ್ತೇ ದಿನ ತಡಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಣ್ಣಿನ ವಿಷಯದಲ್ಲಿ ಅವನದು ಯಾವಾಗಲೂ ಸರಿಯೇ. ಅಗುಳಿ ಹಾಕಿದ. ಅಂದಿನಿಂದ ನಾನು ಹಾಲು ಕರೆಯುವಾಗ ಲೆಟ್ಟಿ ಒಳಗೇ ಇರುತ್ತಿದ್ದಳು.

ಆದರೆ ಅವಳು ಬೆಚ್ಚಗಾಗಲಿಲ್ಲ. ಒಲೆಯ ಮುಂದೆ ಕೂರಿಸಿ, ಕಂಬಳಿ ಸುತ್ತಿ, ಬಿಸಿ ಮಾಡಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಾದದ ಕೆಳಗಿಟ್ಟರೂ ಅವಳ ಮೈ ಹಾಗೇ ತಣ್ಣಗೆ. ಸ್ನಾನದ ನೀರಿಗೆ ಮೊಣಕೈ ಅದ್ದಿ ಹದ ನೋಡಿ ಅವಳನ್ನು ಇಳಿಸಿದರೆ, ನೋಡನೋಡುತ್ತಿದ್ದಂತೆ ನೀರೇ ತಣ್ಣಗಾಗುತ್ತಿತ್ತು. ಜ್ವರವಿಲ್ಲ, ಕೆಮ್ಮಿಲ್ಲ. ಊಟ ಮಾತ್ರ ಬಿಟ್ಟಳು. ದಿನವಿಡೀ ಹಿತ್ತಲ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳು ತೋರುಬೆರಳು ಮಡಿಲಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದವು. ಎರಡು ಕಾಳು, ಬಿಡು. ಎರಡು ಕಾಳು, ಬಿಡು. ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಒಳಗೇ ಆಡುತ್ತಿತ್ತು, ಮುಷ್ಟಿಯಲ್ಲಿ ಸಿಕ್ಕ ಹಕ್ಕಿಯ ಹಾಗೆ.

ಹೊರಗೆ ಕುಳಿಗಳು ಕಾಲುವೆಯ ಕಡೆ ಬೆಳೆಯುತ್ತಲೇ ಇದ್ದವು. ಈಗ ಅವುಗಳಲ್ಲಿ ಕಾಳಿರಲಿಲ್ಲ.

ನಾಲ್ಕನೇ ದಿನ ಅವಳ ಬಾಯಿಗೆ ಹಾಲು ಹಿಡಿದಾಗ ನುಂಗಲಿಲ್ಲ. ಗಲ್ಲದ ಮೇಲೆ ಇಳಿಯಿತು. "ಅಮ್ಮ, ಅವರು ಕಾಯ್ತಿದ್ದಾರೆ," ಎಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

ಹೆಪ್ಸಿಯ ಮನೆಗೆ ಹೋದೆ. ಸಾಲನ್ನು ನಾನೊಬ್ಬಳೇ ಮುಗಿಸಿದರೆ ಆಗದೇ ಎಂದು ಕೇಳಿದೆ. ಆಗದು ಎಂದಳು. ಕಾಳು ಹಾಕಿದ ಕೈ ಲೆಟ್ಟಿಯದು, ಅದೇ ಕೈ ಬೇಕು. ಕುಳಿ ಯಾರು ಹಾಕಿದರೂ ಮನೆಯವರಾಗಿದ್ದರೆ ಸಾಕು. ಮುದುಕಿಗೆ ನನ್ನ ಮೇಲೆ ಕನಿಕರವಿತ್ತು. ಬೇಗ ಮಾಡು, ಓಬೆಡ್ ನೀರು ಮುಟ್ಟುವುದರೊಳಗೆ ಮಾಡು ಎಂದಳು.

ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಮಾವನ ಕುಳಿಯ ಹಿಂದೆ ನನ್ನ ಮಗು ನೀರಿನ ಕಡೆ ನಡೆಯುವುದನ್ನು ಇನ್ನೊಮ್ಮೆ ನೋಡುವುದು ನನ್ನಿಂದಾಗದು. ಆದರೆ ಸಾಲಿಗೆ ಎರಡು ತುದಿ ಇರುತ್ತವೆ. ನಾನು ಕಾಲುವೆಯ ತುದಿಯಿಂದ ಶುರು ಮಾಡಿದರೆ, ಹಿಂದಕ್ಕೆ ನಡೆಯುತ್ತಾ ಮನೆಯ ಕಡೆಗೇ ಬರುತ್ತೇನೆ. ಲೆಟ್ಟಿ ನನ್ನ ಎದುರಿಗೆ, ನನ್ನ ಮುಖ ನೋಡುತ್ತಾ, ಮನೆಯ ಕಡೆಗೇ ನಡೆಯುತ್ತಾಳೆ. ಕಾಳು ಕೊಳೆಯುವುದಾದರೆ ಕೊಳೆಯಲಿ. ಬಿತ್ತುವ ದಿನ ಯಾವುದೆಂದು ಕ್ಲೆಮ್ ತೀರ್ಮಾನಿಸಬೇಕಾಗಿರಲಿಲ್ಲ, ಮಾವನೂ ಬೇಕಾಗಿರಲಿಲ್ಲ. ನಾನು ತೀರ್ಮಾನಿಸಿದ್ದೆ. ನಾಳೆ.

ಬೆಳಗಾಗುತ್ತಲೇ ಕ್ಲೆಮ್ ಕುದುರೆಗಳಿಗೆ ನೀರು ತೋರಿಸಲು ಹೋದ. ನಾನು ಹಸುವಿನ ಹಾಲು ಕರೆಯದೆ ಬಿಟ್ಟೆ, ಅದು ಕೂಗುತ್ತಲೇ ಇತ್ತು. ಲೆಟ್ಟಿಗೆ ಎರಡು ಜೊತೆ ಕಾಲುಚೀಲ, ಬೂಟು, ನನ್ನ ಶಾಲು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅವಳ ಸೊಂಟಕ್ಕೂ ಇನ್ನೊಂದನ್ನು ನನ್ನ ಸೊಂಟಕ್ಕೂ ಕಟ್ಟಿದೆ. ಕುಳಿಗೋಲು ತರಲು ಕೊಟ್ಟಿಗೆಗೆ ಹೋದರೆ ಮೊಳೆ ಬರಿದಾಗಿತ್ತು. ಹಾಗಾಗಿ ಒಲೆಯ ಎರಡು ಕೆದಕುಕೋಲು ತೆಗೆದುಕೊಂಡೆ.

ಹೊಲದ ಅಂಚಿನಲ್ಲೇ ಸುತ್ತಿ ಕಾಲುವೆಯ ದಡಕ್ಕೆ ಹೋದೆವು. ಮಂಜಿನಲ್ಲಿ ಮನೆಯ ಹೊಗೆಗೂಡು ಮಾತ್ರ ಕಾಣುತ್ತಿತ್ತು. ಹಿಂದೆ ಬಸಿಗಾಲುವೆ ಸದ್ದಿಲ್ಲದೆ ತುಂಬಿತ್ತು. ಲೆಟ್ಟಿಯನ್ನು ದಡದ ಮೇಲೆ ನಿಲ್ಲಿಸಿ, ಹೊಗೆಗೂಡಿಗೆ ಬೆನ್ನು ಮಾಡಿ ಮೊದಲ ಎರಡು ಕುಳಿ ಒತ್ತಿದೆ. ಕೋಲಿನ ಮೂಲಕ ಮಣ್ಣಿನ ತಣುಪು ಮೊಣಕೈ ತನಕ ಬಂತು. ಕ್ಲೆಮ್ ಹೇಳಿದ್ದು ನಿಜ, ಕಾಳು ಹಾಕುವ ಮಣ್ಣಾಗಿರಲಿಲ್ಲ ಅದು.

"ನನ್ನ ಮುಖ ನೋಡು ಪುಟ್ಟಿ," ಎಂದೆ. "ಕುಳಿ ನೋಡು, ನನ್ನ ಮುಖ ನೋಡು. ಬೇರೇನೂ ನೋಡ್ಬೇಡ."

ಅವಳು ಬಗ್ಗಿ ಎರಡು ಕಾಳು ಬಿಟ್ಟಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹತ್ತು ಹೆಜ್ಜೆ ಆದ ಮೇಲೆ ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಂತೆ ಕಂಡಿತು. ಆಗಲೇ ನನ್ನ ಬೆನ್ನ ಹಿಂದೆ, ಮನೆಯ ಕಡೆಯಿಂದ, ಆ ಸದ್ದು ಶುರುವಾಯಿತು. ಎರಡು ಸಲ, ಒಂದು ಹೆಜ್ಜೆ. ನಾನು ಒತ್ತಿದಾಗ ಅದೂ ಒತ್ತುತ್ತಿತ್ತು, ನಾನು ಎತ್ತಿದಾಗ ಅದೂ ಎತ್ತುತ್ತಿತ್ತು. ಪ್ರತಿ ಹೆಜ್ಜೆಗೂ ಹತ್ತಿರವಾಗುತ್ತಿತ್ತು. ಲೆಟ್ಟಿಯ ಕಣ್ಣು ನನ್ನ ಭುಜ ದಾಟಿ ಹೋಯಿತು.

"ಅಮ್ಮ, ತಾತನ ಬೆನ್ನು ಕಾಣ್ತಿದೆ."

ಇರಲಿ ಎಂದೆ. ಕುಳಿ ತೋರಿಸಿದೆ. ತಿರುಗಿ ನೋಡಬೇಕೆಂದು ಕುತ್ತಿಗೆ ತಾನಾಗಿ ಎಳೆಯುತ್ತಿತ್ತು. ತಿರುಗಿದರೆ ಸಾಲು ಕೆಡುತ್ತದೆ. ಹಲ್ಲು ಕಚ್ಚಿ ಮಗುವಿನ ಮುಖವನ್ನೇ ನೋಡಿದೆ. ಒದ್ದೆ ಉಣ್ಣೆಯ ವಾಸನೆ ಬಂತು, ಅವರ ಪೈಪಿನ ತಂಬಾಕಿನ ವಾಸನೆ ಬಂತು, ಅವೆರಡರ ಕೆಳಗೆ ತೋಡಿದ ಮಣ್ಣಿನ ವಾಸನೆ. ಇನ್ನೊಂದು ಹೆಜ್ಜೆ ಹಿಂದೆ ಇಟ್ಟೆ. ನನ್ನ ಬೆನ್ನಿಗೆ ಒಂದು ಬೆನ್ನು ತಾಗಿತು.

ಚಳಿಗಾಲದ ಗೋಡೆಯ ಹಾಗಿತ್ತು. ತಣುಪು ರವಿಕೆ ದಾಟಿ ಎಲುಬಿಗೆ ಇಳಿಯಿತು. ನನ್ನ ಕಾಲಿನ ಮುಂದೆ ಕೊನೆಯ ಒಂದು ಜೋಡಿಗೆ ಜಾಗವಿತ್ತು. ಬೆನ್ನ ಹಿಂದೆ ಕಬ್ಬಿಣ ಎತ್ತುವ ಸದ್ದು ಕೇಳಿತು, ಮತ್ತೆ ಇಳಿಯಲಿಲ್ಲ.

"ಇದು ಕೊನೇದು ಮಾವ," ಎಂದೆ. "ಇದನ್ನ ನಾನು ಹಾಕ್ತೀನಿ. ನೀವು ಬಿಡಿ."

ಒತ್ತಿ, ತಿರುಗಿಸಿ, ಎತ್ತಿದೆ. ಲೆಟ್ಟಿ ಬಗ್ಗಿದಳು. ಎರಡು ಕಾಳು. ಮತ್ತೆರಡು. ಅವಳೇ ಬೂಟಿನ ತುದಿಯಿಂದ ಮಣ್ಣು ಮುಚ್ಚಿದಳು.

"ಸಾಲು ಮುಗೀತು," ಎಂದೆ.

ಆಗ ಅವರ ಪೂರ್ತಿ ಭಾರ ನನ್ನ ಮೇಲೆ ಬಂತು. ತಳ್ಳುವ ಭಾರವಲ್ಲ. ಬಹಳ ಹೊತ್ತು ನಿಂತೇ ಇದ್ದವರು ಕೂರುವ ಮೊದಲು ಒರಗಿಕೊಳ್ಳುವಂಥ ಭಾರ. ನನ್ನ ಬೂಟು ಗಿಣ್ಣಿನ ತನಕ ಕೆಸರಲ್ಲಿ ಇಳಿಯಿತು. ಮಂಡಿ ಊರದೆ ತಡೆದುಕೊಂಡೆ. ಎಷ್ಟೆಂದರೂ ಮುದುಕ, ಬೀಳಬಾರದು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಬೆನ್ನು ಹಗುರಾಯಿತು. ಮೊದಲು ವಾಸನೆ ಹೋಯಿತು, ಆಮೇಲೆ ತಣುಪು.

ಲೆಟ್ಟಿ ಸೀನಿದಳು. ನನಗೆ ಹಸಿವು, ಕಾಲೆಲ್ಲ ಚಳಿ ಎಂದು ಅಳಲು ಶುರುಮಾಡಿದಳು. ಅಪ್ಪಿಕೊಂಡಾಗ ಅವಳ ಕುತ್ತಿಗೆ ಬೆಚ್ಚಗಿತ್ತು. ಅವಳು ಅತ್ತಷ್ಟೂ ನನಗೆ ಸಮಾಧಾನವಾಯಿತು.

ತಿರುಗಿ ನೋಡಿದಾಗ ಕುಳಿಗೋಲುಗಳು ಎರಡೂ ನನ್ನ ಹಿಂದಿನ ಕೆಸರಲ್ಲಿ ಊರಿ ನಿಂತಿದ್ದವು. ಗೇಟಿನ ಹತ್ತಿರ ಕ್ಲೆಮ್ ಇದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಹೊಲ ತುಳಿದದ್ದಕ್ಕೆ ಬೈಯುತ್ತಾನೆ ಅಂದುಕೊಂಡೆ. ಅವನು ಮಗುವನ್ನು ನನ್ನಿಂದ ತೆಗೆದುಕೊಂಡು, ಅವಳ ತಲೆಗೆ ಗಲ್ಲ ಒತ್ತಿ, ಮನೆಯೊಳಗೆ ಹೋದ. ಸಂಜೆ ಊಟದ ಹೊತ್ತಿನಲ್ಲಿ ಉಳಿದ ಹೊಲ ಯಾವಾಗ ಬಿತ್ತೋಣ ಎಂದು ನನ್ನನ್ನು ಕೇಳಿದ. ಅದುವರೆಗೆ ಅವನು ಆ ಮಾತು ನನ್ನನ್ನು ಕೇಳಿದವನಲ್ಲ. ನಿನ್ನ ಮಣ್ಣು ಹೊಳೆಯುವುದು ಬಿಟ್ಟಾಗ ಎಂದೆ. ಮಾರ್ಚ್ ಇಪ್ಪತ್ತೊಂಬತ್ತರಂದು ಹಿಡಿಯ ಉಂಡೆ ಪುಡಿಯಾಯಿತು. ಕೂರಿಗೆ ತಂದು ಬಿತ್ತಿದ. ಕೂರಿಗೆ ಬಿತ್ತಿದ್ದೆಲ್ಲ ಚೆನ್ನಾಗಿ ಬಂತು.

ಕೈಸಾಲಿನ ಕಥೆ ಬೇರೆ. ಮೇ ತಿಂಗಳಲ್ಲಿ ಇಬ್ಬರೂ ಅದನ್ನು ನೋಡುತ್ತಾ ನಡೆದೆವು. ಮಾವ ಬದುಕಿದ್ದಾಗ ಹಾಕಿದ ಮೊದಲ ನಲವತ್ತು ಹೆಜ್ಜೆಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಎದ್ದಿತ್ತು. ಉಳಿದ ಕಾಳು ಕೊಳೆತಿತ್ತು. ನಾನು ಹಾಕಿದ ಕಾಲುವೆ ಕಡೆಯ ಭಾಗವೂ ಅಷ್ಟೇ, ಅಷ್ಟೇ ಬಡಕಲು. ನಡುವಿನಲ್ಲಿ ಒಂದು ಎಲೆಯೂ ಇರಲಿಲ್ಲ, ಕಳೆ ಕೂಡ ಇರಲಿಲ್ಲ. ಕ್ಲೆಮ್ ಕೂತು, ಲೆಟ್ಟಿ ತಾತನ ಜೊತೆ ಕಾಳು ಹಾಕಿದ್ದ ಜಾಗದಲ್ಲಿ ಬೆರಳಿಂದ ಒಂದು ಕುಳಿ ಕೆದಕಿದ. ಎರಡು ಕಾಳು ಸಿಕ್ಕಿದವು. ಎರಡು ತಿಂಗಳು ಮಳೆ ತಿಂದ ಜೇಡಿಯೊಳಗಿನಿಂದ ಬಂದ ಕಾಳು ಗಟ್ಟಿಯಾಗಿ, ಹೊಳಪಾಗಿ, ಒಣಗಿ, ಚೀಲದಿಂದ ಆಗಷ್ಟೇ ತೆಗೆದ ಹಾಗಿತ್ತು. ಅಂಗೈಯಲ್ಲಿ ಹಾಕಿ ಅಲ್ಲಾಡಿಸಿದರೆ ಟಕಟಕ ಎಂದಿತು.

ಅವನು ಅವನ್ನು ಮತ್ತೆ ಅಲ್ಲೇ ಇಟ್ಟು ಮಣ್ಣು ಮುಚ್ಚಿದ. ಆ ಸಾಲನ್ನು ನಾವು ಉತ್ತಿಲ್ಲ.